ಗೂಟಕ್ಕಂಟಿದ ಮಣ್ಣು

ಶಾಮಿಯಾನ ಹಾಕುವವನಿಗೆ ಬಟ್ಟೆಗಿಂತ ಮೊದಲು ನೆಲ ಗೊತ್ತಿರಬೇಕು. ಕೂಡ್ಲಿಗಿ ಕಡೆ ಗರಸು ನೆಲ. ಕಬ್ಬಿಣದ ಗೂಟದ ತಲೆ ಬಗ್ಗೀತೇ ಹೊರತು ಮೊನೆ ಒಳಗೆ ಹೋಗುವುದಿಲ್ಲ, ಹಿಂದಿನ ದಿನವೇ ನೀರು ಹೊಯ್ದಿರಬೇಕು. ಕೊಟ್ಟೂರಿನ ಕೆಂಪು ಮಣ್ಣು ಮಾತು ಕೇಳುವ ಮಣ್ಣು. ಹಗರಿಬೊಮ್ಮನಹಳ್ಳಿಯ ಹಿನ್ನೀರಿನ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಗೂಟವನ್ನೇ ನುಂಗುತ್ತದೆ, ಒಂದು ಮಳೆ ಬಿದ್ದರೆ ಕೀಳಲು ಕೊಡುವುದಿಲ್ಲ. ಹರಪನಹಳ್ಳಿ ದಾರಿಯಲ್ಲಿ ಚಿಗಟೇರಿ ದಾಟಿದರೆ ಒಂದೇ ಅಂಗಳದಲ್ಲಿ ಎರಡು ಬಣ್ಣದ ಮಣ್ಣು. ಇಷ್ಟೆಲ್ಲ ಬಲ್ಲೆನೆಂದು ಬೀಗುತ್ತಿದ್ದವನು ನಾನು. ಸಮುದ್ರದ ದಂಡೆಯಲ್ಲಿ ನನ್ನ ಬುದ್ಧಿ ಮಣ್ಣು ತಿಂದಿತು.

ಕೆಲಸ ಬಂದದ್ದು ಹೂವಿನಹಡಗಲಿ ಹತ್ತಿರದ ಒಂದು ಹಳ್ಳಿಯಿಂದ. ಮಲ್ಲಿಗೆ ಹೂ ಕಟ್ಟುವ ಹೆಣ್ಣುಮಕ್ಕಳ ಸಂಘದವರು ಇಪ್ಪತ್ತೆರಡು ಮಂದಿ ಒಂದು ಬಸ್ಸು ಮಾಡಿಕೊಂಡು ದೇವರ ದರ್ಶನಕ್ಕೆ ಹೊರಟಿದ್ದರು. ಕೊನೆಗೆ ಒಂದು ರಾತ್ರಿ ಸಮುದ್ರದ ಪಕ್ಕ ಮಲಗಬೇಕೆಂಬುದು ಅವರ ಆಸೆ. ಲಾಡ್ಜಿನಲ್ಲಿ ಇರಬಹುದಲ್ಲ ಎಂದು ನಾನು ಅಂದದ್ದಕ್ಕೆ ಸಂಘದ ಅಧ್ಯಕ್ಷೆ ನಕ್ಕುಬಿಟ್ಟರು. "ನಾಕು ಗ್ವಾಡಿ ನಮ್ಮೂರಾಗೂ ಅದಾವ್ರಿ ಸಾಹೇಬ್ರ. ಅಷ್ಟು ದೂರ ಹೋಗಿ ಗ್ವಾಡಿ ನೋಡ್ಕೊಂತ ಮಲಗೋದೇನು?"

ಕರಾವಳಿಯ ಒಂದು ಸಾರ್ವಜನಿಕ ಕಡಲತೀರ ಉದ್ಯಾನದಲ್ಲಿ, ಮೊದಲೇ ಅರ್ಜಿ ಕೊಟ್ಟರೆ ಬೇಲಿಯೊಳಗೆ ಡೇರೆ ಹಾಕಿಕೊಳ್ಳಲು ಬಿಡುತ್ತಾರೆಂದು ಬಸ್ಸಿನ ಚಾಲಕ ಹೇಳಿದ. ಅರ್ಜಿ ನಾನೇ ಬರೆದೆ. ಜೊತೆಗೆ ಎಲ್ಲರ ಹೆಸರಿನ ಪಟ್ಟಿ ಲಗತ್ತಿಸಬೇಕಿತ್ತು. ಹದಿನಾಲ್ಕನೆಯ ಹೆಸರಿಗೆ ಬಂದಾಗ ಕೈ ನಿಂತಿತು. ಅದು ನನ್ನ ಜೊತೆಗಾರನ ತಾಯಿಯ ಹೆಸರು.

ಹನ್ನೊಂದು ವರ್ಷ ನಾನು ಹಗ್ಗ ಹಿಡಿದರೆ ಅವನು ಸುತ್ತಿಗೆ ಎತ್ತುತ್ತಿದ್ದ. ಅವನಂಥ ಕೆಲಸಗಾರನನ್ನೂ ನೋಡಿಲ್ಲ, ಅವನಂಥ ಸೋಮಾರಿಯನ್ನೂ ನೋಡಿಲ್ಲ. ಗೂಟ ಬಡಿಯಲು ಎತ್ತಿದ ಕೈ, ಕಿತ್ತ ಮೇಲೆ ಅದರ ಮಣ್ಣು ಕೆರೆಯಲು ಮಾತ್ರ ಏಳುತ್ತಿರಲಿಲ್ಲ. "ಗೂಟ ಸ್ವಚ್ಛ ಮಾಡಿ ಪೆಟಿಗ್ಯಾಗ ಹಾಕಲೇ, ತುಕ್ಕು ಹಿಡೀತಾವ" ಎಂದು ನಾನು ಬೈದರೆ, "ಇರ್ಲಿ ಬಿಡಲೇ, ನಾಳಿ ಮತ್ತ ಮಣ್ಣಿಗೇ ಹೋಗೋವು" ಎನ್ನುತ್ತಿದ್ದ. ದಿನಾ ಅದೇ ಜಗಳ, ದಿನಾ ಅದೇ ನಗೆ.

ಧನುರ್ಮಾಸದಲ್ಲಿ ನಮ್ಮ ಕಡೆ ಮದುವೆ ಇಲ್ಲ, ಶಾಮಿಯಾನ ಕಟ್ಟಿಟ್ಟ ಗಂಟು. ಅಂಥ ಒಂದು ಬಿಡುವಿನ ದಿನ ಕೊಟ್ಟೂರಿನ ಚಹಾದಂಗಡಿಯ ಮುಂದೆ ನಾನೇ ಅಂದೆ, "ಸುಮ್ನ ಕುಂತು ಬೀಡಿ ಸುಡೋ ಬದ್ಲಿ ಒಂದು ತಿಂಗಳು ಸಮುದ್ರದ ಕಡೆ ಮೀನಿನ ಬೋಟಿಗೆ ಹೋಗಿ ಬಾರಲೇ. ನಮ್ಮ ಕಡೆ ಮಂದಿ ಎಷ್ಟೋ ಜನ ಹೋಗ್ಯಾರ." ಹೋದ. ಅಲ್ಲಿಂದ ಒಂದು ಸಂಜೆ ಫೋನು ಮಾಡಿದ. "ಇಲ್ಲಿ ಸಮುದ್ರ ದಿನಕ್ಕೆರಡು ಸಲ ಮನಿ ಬಿಟ್ಟು ಹೋಗಿ ಮತ್ತ ಬರ್ತೈತಿ ನೋಡಲೇ." "ಕುಡ್ದೀಯೇನು?" ಎಂದು ಕೇಳಿದೆ. ಅದೇ ಕೊನೆಯ ಮಾತು. ನಾಲ್ಕನೆಯ ದಿನ ಬಲೆ ಎಳೆಯುವಾಗ ಬೋಟಿನಿಂದ ಬಿದ್ದನಂತೆ. ಮೂರು ದಿನ ಹುಡುಕಿದರು, ಸಿಗಲಿಲ್ಲ.

ಅವರ ಮಂದಿಯಲ್ಲಿ ಸತ್ತವರನ್ನು ಹೂಳುತ್ತಾರೆ. ಬಂದವರೆಲ್ಲ ಮೂರು ಹಿಡಿ ಮಣ್ಣು ಕೊಡುತ್ತಾರೆ. ನಮ್ಮಲ್ಲೂ ಹಾಗೆಯೇ, ಮೂರೇ ಹಿಡಿ. ಅವರಲ್ಲಿ ಮಣ್ಣು ಕೊಟ್ಟವರು ತಿರುಗಿ ಸತ್ತವರ ಮನೆಗೆ ಬಂದು, ಅಲ್ಲಿ ಹಚ್ಚಿಟ್ಟ ದೀಪ ನೋಡಿ ತಮ್ಮ ತಮ್ಮ ಮನೆಗೆ ಹೋಗುವುದು ಪದ್ಧತಿ. ಇವನ ವಿಷಯದಲ್ಲಿ ಹಿರಿಯರು, "ಹೆಣ ಇಲ್ದ ಮಣ್ಣಿಲ್ಲ, ಮಣ್ಣಿಲ್ದ ದೀಪ ಇಲ್ಲ. ಬಂದ್ರೂ ಬಂದಾನು" ಎಂದರಂತೆ. ಹೀಗೆ ಎರಡು ವರ್ಷ ಆ ಮನೆಯಲ್ಲಿ ಅವನು ಸತ್ತವನೂ ಆಗಲಿಲ್ಲ, ಇದ್ದವನೂ ಆಗಲಿಲ್ಲ. ನಾನೂ ಅದನ್ನೇ ನೆಪ ಮಾಡಿಕೊಂಡೆ. ಮಣ್ಣೇ ಆಗದ ಮನೆಗೆ ಮಾತಾಡಿಸಲು ಹೋಗುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡು ಆ ಬೀದಿಯನ್ನೇ ಬಿಟ್ಟೆ. ಬೋಟಿಗೆ ಹೋಗು ಅಂದವನು ನಾನೆಂದು ಆ ತಾಯಿಗೆ ಗೊತ್ತಾದೀತೆಂಬ ಹೆದರಿಕೆ.

ಹೊರಡುವ ದಿನ ಬೆಳಿಗ್ಗೆ ಬಸ್ಸಿನ ಮೇಲೆ ಡೇರೆಗಳನ್ನು ಹೇರುತ್ತಿದ್ದೆ. ನಾಲ್ಕು ಡೇರೆ, ಎಂಟು ಕಂಬ, ಹೊಸ ಗೂಟಗಳ ಒಂದು ಚೀಲ. ಕಡಿಮೆ ಬಿದ್ದರೆ ಇರಲೆಂದು ಅವನ ಹಳೆಯ ಗೂಟದ ಪೆಟ್ಟಿಗೆಯನ್ನೂ ಎತ್ತಿಟ್ಟೆ. ನೀಲಿ ಬಣ್ಣದ ತಗಡಿನ ಪೆಟ್ಟಿಗೆ. ಅವನು ಹೋದ ಮೇಲೆ ಅದನ್ನು ತೆರೆಯುವ ಮನಸ್ಸಾಗದೆ ಹೊಸ ಗೂಟ ಮಾಡಿಸಿದ್ದೆ. ಅಷ್ಟರಲ್ಲಿ ಆ ತಾಯಿ ಬಂದಳು. ಮಡಿಲಲ್ಲಿ ಬಿಳಿ ಟವೆಲಿನ ಗಂಟು.

ಮಾತಿಗೆ ಮಾತೆಂದು ಕೇಳಿದೆ, "ಏನವ್ವಾ, ರೊಟ್ಟಿ ಗಂಟೇನು?"

"ಮಣ್ಣಪ್ಪಾ. ನಮ್ಮ ಹೊಲದ್ದು. ಅವಗ ಕೊಡಾಕ ಒಯ್ಯಾಕತ್ತೀನಿ. ಹಿರೇರು ಏನರ ಅನ್ಲಿ. ಹೆತ್ತಾಕಿ ನಾನು, ಎಷ್ಟು ದಿನ ಬಾಗಲಾ ಕಾಯ್ಲಿ?" ಎಂದಳು. ಆಮೇಲೆ ದನಿ ಇಳಿಸಿ, "ನೀರಿನ ತನಕ ನನ್ನ ಕರ್ಕೊಂಡು ಹೋಗೋ ಕೆಲಸ ನಿಂದು ತಮ್ಮಾ. ಈ ಹೆಣ್ಣುಮಕ್ಳು ಅತ್ತು ಕರ್ದು ರಂಪ ಮಾಡ್ತಾರ" ಎಂದಳು.

ಆಗಲೆಂದು ತಲೆಯಾಡಿಸಿದೆ. ಮೂರು ದಿನದ ದಾರಿಯಲ್ಲಿ, ಎಲ್ಲ ಗುಡಿಗಳ ಮುಂದೆಯೂ, ಆ ಗಂಟು ಅವಳ ಮಡಿಲು ಬಿಟ್ಟು ಇಳಿಯಲಿಲ್ಲ.

ಉದ್ಯಾನ ಮುಟ್ಟಿದಾಗ ನಡುಮಧ್ಯಾಹ್ನ. ಬೇಲಿಯೊಳಗೆ ಸಾಲಾಗಿ ಗಾಳಿಮರಗಳು, ಮಕ್ಕಳ ಜೋಕಾಲಿ, ಸ್ನಾನದ ನಲ್ಲಿಗಳು, ಆಚೆ ಅಗಲವಾದ ಮರಳು, ಅದರಾಚೆ ನೀರು. ಬಸ್ಸು ನಿಂತದ್ದೇ ತಡ ಹೆಣ್ಣುಮಕ್ಕಳು ಸೀರೆ ಎತ್ತಿ ಓಡಿದರು. ಅರವತ್ತು ದಾಟಿದವರೂ ಕೂಗಿದ್ದೇ ಕೂಗಿದ್ದು. ಈ ತಾಯಿ ಮಾತ್ರ ಮರದ ಕೆಳಗೆ ನಿಂತು ನೋಡಿದಳು. "ಇಷ್ಟೈತೇನು?" ಎಂದಳು. ಗಂಟನ್ನು ಎದೆಗೊತ್ತಿಕೊಂಡು, "ಇದ್ರಾಗ ಎಲ್ಲಿ ಅಂತ ಹುಡುಕ್ಯಾರು ಪಾಪ" ಎಂದಳು.

ಉದ್ಯಾನದ ಮೇಲ್ವಿಚಾರಕ ನನ್ನ ಕಾಗದ ನೋಡಿ, ಗಾಳಿಮರಗಳ ಕೆಳಗೆ ಕೈ ತೋರಿಸಿ, "ಇಲ್ಲೇ ಹಾಕಿಕೊಳ್ಳಿ, ಬೇಲಿಯಿಂದ ಆಚೆ ಬೇಡ" ಎಂದು ಹೇಳಿ ಊಟಕ್ಕೆ ಹೋದ. ಮರದ ಕೆಳಗೆ ಒಂದು ಗೂಟ ಹೊಡೆದು ಎಳೆದು ನೋಡಿದೆ. ಒಣ ಮರಳು. ಎರಡು ಬೆರಳಲ್ಲಿ ಎದ್ದು ಬಂತು. ಇನ್ನೊಂದು ಕಡೆ ಹೊಡೆದೆ, ಅಲ್ಲೂ ಅದೇ ಹಾಡು. ಅಷ್ಟರಲ್ಲಿ ಅಧ್ಯಕ್ಷೆ ಬಂದು, ನೀರಿನ ಹತ್ತಿರವೇ ಹಾಕಿರೆಂದು ಗಂಟುಬಿದ್ದರು. ಬೇಲಿ ದಾಟಿ ಕೆಳಗೆ ಹೋಗಿ ನೋಡಿದರೆ ಅಲ್ಲಿ ನೆಲ ಕಣದ ಹಾಗೆ ಗಟ್ಟಿ. ಗೂಟ ಅರ್ಧ ಹೋಗುವಷ್ಟರಲ್ಲೇ ಬಿಗಿ ಹಿಡಿಯಿತು. ಮರಳು ಇನ್ನೂ ತಂಪಾಗಿತ್ತು. ನೀರು ಅಲ್ಲಿಂದ ಬಹಳ ದೂರ ಇತ್ತು.

ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಇದು. ನಮಗೆ ಗೊತ್ತಿರುವ ದೊಡ್ಡ ನೀರೆಂದರೆ ತುಂಗಭದ್ರಾ ಹಿನ್ನೀರು. ಅದು ಬೇಸಿಗೆಯಲ್ಲಿ ಇಳಿದರೆ ಇಳಿಯಿತು. ನೀರು ಬಿಟ್ಟ ನೆಲದಲ್ಲಿ ಜನ ಬಿತ್ತಿ, ಬೆಳೆದು, ಕೊಯ್ದು ಮನೆಗೆ ತಂದ ಮೇಲೆಯೇ ಅದು ವಾಪಸು ಬರುವುದು. ನೀರು ಬಿಟ್ಟ ನೆಲ ನಂಬಿಕೆಯ ನೆಲ ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮೇಲ್ಗಡೆ ಕಪ್ಪೆಚಿಪ್ಪು, ಕಡ್ಡಿ, ಪ್ಲಾಸ್ಟಿಕ್ಕು ಉದ್ದಕ್ಕೆ ಒಂದೇ ಗೆರೆಯಲ್ಲಿ ಬಿದ್ದಿದ್ದವು. ಯಾರೋ ಕಸ ಗುಡಿಸಿ ಸಾಲು ಮಾಡಿದ್ದಾರೆಂದುಕೊಂಡೆ. ಕಣ್ಣಿದ್ದೂ ಕುರುಡ. ನನ್ನ ಇಬ್ಬರು ಕೆಲಸದವರಿಗೆ, "ಇಲ್ಲೇ ಎಳೀರೋ" ಎಂದೆ.

ಕಂಬ ನಿಲ್ಲಿಸುತ್ತಿರುವಾಗ ಆ ತಾಯಿ ಬಂದಳು. "ತಮ್ಮಾ, ಹೊತ್ತೈತಿ. ಈಗ ಹೋಗಿ ಕೊಟ್ಟು ಬರೋಣೇನು?"

ಕೆಲಸವೇನೂ ಅಂಥ ಅವಸರದ್ದಾಗಿರಲಿಲ್ಲ. ಅವಳ ಜೊತೆ ಒಬ್ಬನೇ ಆ ನೀರಿನ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ, ಅಷ್ಟೇ. "ಡೇರೆ ಮುಗೀಲವ್ವಾ. ಮಂದಿ ಭಾಳ ಐತಿ. ಬೆಳಿಗ್ಗೆ ಶಾಂತ ಇದ್ದಾಗ ನಾನ ಕರ್ಕೊಂಡು ಹೋಗ್ತೀನಿ. ಗಂಟು ಇಲ್ಲಿಡು, ಈ ಕಂಬದ ಬುಡಕ. ನಾ ಹಾಕಿದ ಡೇರೆಕಿಂತ ಭದ್ರ ಜಾಗ ಯಾವುದೈತಿ?"

ಮೂರು ದಿನದಲ್ಲಿ ಮೊದಲ ಸಲ ಅವಳು ಆ ಗಂಟನ್ನು ನೆಲಕ್ಕಿಟ್ಟಳು. ನನ್ನ ಮಾತಿನ ಮೇಲೆ ಇಟ್ಟಳು.

ಇಳಿಹೊತ್ತಿಗೆ ಎಲ್ಲರೂ ಮೇಲೆ ಮರದ ಕೆಳಗೆ ಅಡುಗೆ ಹಚ್ಚಿದ್ದರು. ನಾನು ಒಲೆಗೆ ಗಾಳಿ ತಾಗದಂತೆ ಪರದೆ ಕಟ್ಟುತ್ತಿದ್ದೆ. ಕೆಲಸದವನೊಬ್ಬ ಕೂಗಿದ, "ಅಣ್ಣಾ, ನೀರು ಗೂಟಕ್ಕ ಬಂತು!"

"ಒಂದೊಂದು ಅಲೆ ಹಂಗ ಬರ್ತಾವಲೇ" ಎಂದೆ. ಎಂದ ಮೇಲೆ ತಿರುಗಿ ನೋಡಿದೆ. ದೂರ ಇದ್ದ ನೀರು ದೂರ ಇರಲಿಲ್ಲ. ಮುಂದಿನ ಸಾಲಿನ ಗೂಟಗಳ ಸುತ್ತ ಮರಳು ಮೆತ್ತಗಾಗಿ ಅವು ಒಂದೊಂದಾಗಿ ಎದ್ದು ಬರುತ್ತಿದ್ದವು. ಓಡಿದೆವು. ಎರಡು ಡೇರೆಯ ಹಗ್ಗ ಕೊಯ್ದು ಬಟ್ಟೆ ಮೇಲಕ್ಕೆಳೆದೆವು. ಉಳಿದೆರಡಕ್ಕೆ ಹೋಗುವಷ್ಟರಲ್ಲಿ ಕಂಬಗಳು ಬಿದ್ದವು, ಒದ್ದೆ ಬಟ್ಟೆ ಸಾಮಾನಿನ ಮೇಲೆ ಕವುಚಿಕೊಂಡಿತು. ಹೆಣ್ಣುಮಕ್ಕಳ ಚೀಲ, ಚಾಪೆ, ಚಪ್ಪಲಿ ತೇಲಿದವು. ಯಾರು ಯಾವಾಗ ಕೆಳಗೆ ಬಂದರೋ ಗೊತ್ತಿಲ್ಲ, ಆ ತಾಯಿ ನನ್ನ ಪಕ್ಕದಲ್ಲೇ ಮೊಣಕಾಲುದ್ದ ನೀರಿಗೆ ನುಗ್ಗಿದ್ದಳು. ಎರಡೂ ರಟ್ಟೆ ಹಿಡಿದು ನಿಲ್ಲಿಸಿದೆ.

"ಬಿಡೋ! ನನ್ನ ಗಂಟೋ! ಬಿಡೋ ತಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ!"

ಬಿಡಲಿಲ್ಲ. ಒಬ್ಬನನ್ನು ಆ ನೀರಿಗೆ ಕಳಿಸಿದ ಕೈ ಅದು. ಅವಳು ನನ್ನ ಎದೆಗೆ ಹೊಡೆದಳು, ಉಗುರಿನಿಂದ ಪರಚಿದಳು. ಯಾ ಅಲ್ಲಾ, ಅವತ್ತು ನಾನು ಅತ್ತಷ್ಟು ನನ್ನ ಅಪ್ಪ ಹೋದಾಗಲೂ ಅತ್ತಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಕೆಲಸದವರು ಬಟ್ಟೆಯ ಒಂದು ತುದಿ ಎತ್ತಿ ಟವೆಲು ಹುಡುಕಿ ತಂದರು. ಗಂಟು ಬಿಚ್ಚಿರಲಿಲ್ಲ, ಅವಳು ಹಾಕಿದ ಹಾಗೆಯೇ ಬಿಗಿಯಾಗಿತ್ತು. ಒಳಗಿನ ಎರೆಮಣ್ಣು ಕರಗಿ ಸೋರಿಹೋಗಿತ್ತು. ನಾಲ್ಕು ಹರಳು, ಒಂದು ಗರಿಕೆಯ ಬೇರು ಉಳಿದಿದ್ದವು. ಅವಳು ಅದನ್ನು ಅಂಗೈಯಲ್ಲಿ ಹರವಿ ನೋಡಿದಳು. "ನಾನ ಕೊಡಾಕ ಬಂದಿದ್ದೆನಪ್ಪಾ. ತಾನ ಕಸಗೊಂತು" ಎಂದಳು. "ಅವನ್ನೂ ಹಂಗ ಕಸಗೊಂತು."

ಮೇಲ್ವಿಚಾರಕ ಓಡಿ ಬಂದವನೇ ನನಗೆ ಉಗಿದ. "ಎಂತ ಮಾಡಿದ್ದು ಮಾರಾಯ್ರೆ ನೀವು? ಭರತ ಇಳಿತ ಗೊತ್ತಿಲ್ವಾ? ಆ ಕಸದ ಗೆರೆ ಕಾಣ್ಲಿಲ್ವಾ? ನೀರು ಅಲ್ಲಿ ತನಕ ಬರ್ತದೆ ಅಂತಲೇ ಅಲ್ವಾ ಅದು!" ಜೊತೆಗಾರ ಫೋನಿನಲ್ಲಿ ಇದನ್ನೇ ಹೇಳಿದ್ದ. ಕುಡ್ದೀಯೇನು ಅಂದಿದ್ದೆ.

ಬೈದವನೇ ಆಮೇಲೆ ಕೆಲಸ ಕಲಿಸಿದ. ಒಣ ಮರಳಿಗೆ ಗೂಟ ಬೇಡವಂತೆ. ಗೋಣಿಚೀಲಕ್ಕೆ ಮರಳು ತುಂಬಿ, ಅದರ ನಡುವಿಗೆ ಹಗ್ಗ ಬಿಗಿದು, ಮೊಣಕಾಲುದ್ದ ತಗ್ಗು ತೋಡಿ ಚೀಲವನ್ನು ಅಡ್ಡ ಮಲಗಿಸಿ, ಮೇಲೆ ಮರಳು ಮುಚ್ಚಿ ತುಳಿಯಬೇಕು. ಎಷ್ಟು ಎಳೆದರೂ ಅಲುಗುವುದಿಲ್ಲ. ಹನ್ನೆರಡು ಚೀಲ ಹೂತು, ಮರದ ಕೆಳಗೆ ಎರಡು ಡೇರೆ ನಿಲ್ಲಿಸಿದೆವು. ಪ್ರತಿ ಚೀಲಕ್ಕೂ ಮರಳು ಎಳೆದು ಮುಚ್ಚುವಾಗ ನನಗೆ ಬೇರೇನೋ ಮುಚ್ಚುತ್ತಿದ್ದೇನೆ ಅನ್ನಿಸುತ್ತಿತ್ತು. ಹೆಣ್ಣುಮಕ್ಕಳು ಒದ್ದೆ ಸೀರೆಗಳನ್ನು ಬೇಲಿಗೆ ಹರವಿ, ಯಾರೂ ನನ್ನನ್ನು ಒಂದು ಮಾತು ಅನ್ನದೆ ಉಂಡರು. ಆ ತಾಯಿ ಉಣ್ಣಲಿಲ್ಲ. ಹರಳುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮಲಗಿದಳು.

ಬೆಳಕು ಹರಿಯುತ್ತಲೇ ಬಸ್ಸಿನ ಮೇಲೆ ಹತ್ತಿದೆ, ಬಿದ್ದ ಕಂಬಗಳನ್ನು ಕಟ್ಟಲು. ನೀಲಿ ಪೆಟ್ಟಿಗೆ ಮೂಲೆಯಲ್ಲಿತ್ತು. ಹಳೆಯ ಗೂಟಗಳ ಅಗತ್ಯವೇ ಬೀಳದೆ ಅದು ಹಾಗೆಯೇ ಉಳಿದಿತ್ತು. ಸರಿಸಲು ಹೋದಾಗ ಒಳಗೆ ಏನೋ ಸಳಸಳ ಎಂದಿತು. ಎರಡು ವರ್ಷದಿಂದ ತೆರೆಯದ ಪೆಟ್ಟಿಗೆ. ಕೊಂಡಿ ತುಕ್ಕು ಹಿಡಿದಿತ್ತು, ಸುತ್ತಿಗೆಯಿಂದ ಒಂದು ಏಟು ಕೊಟ್ಟೆ.

ನಲವತ್ತಕ್ಕೂ ಹೆಚ್ಚು ಗೂಟ. ಒಂದನ್ನೂ ಕೆರೆದಿರಲಿಲ್ಲ ನನ್ಮಗ. ಎಲ್ಲದಕ್ಕೂ ಮಣ್ಣು ಮೆತ್ತಿ, ಒಣಗಿ, ಅದರ ಮೇಲೆ ಇನ್ನೊಂದು ಊರಿನ ಮಣ್ಣು ಮೆತ್ತಿತ್ತು. ಪೆಟ್ಟಿಗೆಯ ತಳದಲ್ಲಿ ಉದುರಿ ಕೂತದ್ದೇ ಎರಡು ಬೊಗಸೆ. ಅಲ್ಲೇ ಕಾಲು ಮಡಚಿ ಕುಳಿತು ಸ್ಕ್ರೂಡ್ರೈವರಿನಿಂದ ಕೆರೆಯಲು ಶುರು ಮಾಡಿದೆ. ಗರಸು ಹರಳು ಬಂದರೆ ಕೂಡ್ಲಿಗಿ, ಕಾನಹೊಸಹಳ್ಳಿಯ ಕೆಲಸದ್ದು. ಕೆಂಪು ಪುಡಿ ಕೊಟ್ಟೂರಿನದು. ಕಲ್ಲಿನಂತೆ ಅಂಟಿದ್ದ ಕರಿಮಣ್ಣು ಹಿನ್ನೀರಿನ ದಂಡೆಯದು, ಒಂದೇ ಗೂಟದಲ್ಲಿ ಕೆಂಪು ಕಪ್ಪು ಎರಡೂ ಇದ್ದರೆ ಹರಪನಹಳ್ಳಿಯ ಕಡೆಯದು. ಹಡಗಲಿಯದರಲ್ಲಿ ಒಣಗಿದ ಹೂವಿನ ದಾರ ಸಿಕ್ಕಿಕೊಂಡಿತ್ತು. ಹನ್ನೊಂದು ವರ್ಷ ಅವನು ಸುತ್ತಿಗೆ ಎತ್ತಿದ ಅಂಗಳಗಳೆಲ್ಲ ಅಲ್ಲಿದ್ದವು. ನಾನು ಹೇಳಿದಂತೆ ಅವನು ದಿನಾ ಕೆರೆದಿದ್ದರೆ ಒಂದು ಚಿಟಿಕೆಯೂ ಇರುತ್ತಿರಲಿಲ್ಲ.

ರಾತ್ರಿ ತೊಳೆದು ಬೇಲಿಗೆ ಹಾಕಿದ್ದ ಅವಳದೇ ಟವೆಲಿನಲ್ಲಿ ಅಷ್ಟನ್ನೂ ಕಟ್ಟಿ ತಂದು ಅವಳ ಮುಂದಿಟ್ಟೆ. ಎದುರಿಗೆ ಕುಳಿತೆ.

"ಅವ್ವಾ, ಇದು ಅವನು ಬಡಿದ ಗೂಟದ ಮಣ್ಣು. ನಿಮ್ಮ ಹೊಲದ್ದಲ್ಲ. ಆದ್ರ ಎಲ್ಲಾ ಅವನ ಕೈಯಾಗಿಂದು. ಇನ್ನೊಂದು ಮಾತೈತಿ. ಅವಗ ಬೋಟಿಗೆ ಹೋಗು ಅಂದಾಂವ ನಾನ."

ಅವಳು ಗಂಟು ಬಿಚ್ಚಿ ಮಣ್ಣು ನೋಡಿದಳು. ಹೂವಿನ ದಾರ ಎತ್ತಿ ನೋಡಿ ಮತ್ತೆ ಒಳಗೇ ಇಟ್ಟಳು. ಆಮೇಲೆ ನನ್ನ ಮುಖ ನೋಡಿದಳು.

"ಗೊತ್ತೈತಿ ತಮ್ಮಾ. ಹೊಂಟಾಗ ಅವನ ಹೇಳಿ ಹೋಗ್ಯಾನ, ಸಾಹೇಬ ಹೇಳ್ಯಾನ, ಒಳ್ಳೇದಕ್ಕ ಹೇಳ್ಯಾನ ಅಂತ. ನೀ ಕಳಿಸಿದ್ದಕ್ಕ ನನಗ ಸಿಟ್ಟಿಲ್ಲ. ನೀ ಬರ್ಲಿಲ್ಲಲ್ಲ, ಅದು ಉರೀತೈತಿ ನೋಡು. ಎರಡು ವರ್ಷ ಆತು. ಅವನ ಕಾದಂಗ ನಿನ್ನೂ ಕಾದೀನಿ ನಾನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳೇ ಎದ್ದು, "ಏಳು. ಹೊತ್ತು ಮಾಡಬ್ಯಾಡ ಮತ್ತ" ಎಂದಳು.

ಬೇಲಿಯ ಹತ್ತಿರ ಮೇಲ್ವಿಚಾರಕ ತಡೆದ. ಪೂಜೆಯ ಸಾಮಾನು ನೀರಿಗೆ ಹಾಕಬಾರದೆಂದು ಅಲ್ಲೇ ಫಲಕವಿತ್ತು. ವಿಷಯ ಹೇಳಿದೆ. ಯಾವ ಬಂದರಿನ ಬೋಟು ಎಂದು ಕೇಳಿದ. ಹೇಳಿದೆ. ಅಲ್ಲಿಂದ ಬರೀ ಐದಾರು ಮೈಲಿ ದೂರದ ಬಂದರು ಅದು. ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಮಣ್ಣು ಕಸ ಅಲ್ಲ ಅಮ್ಮಾ, ಕೊಡಿ. ಆದರೆ ಸ್ವಲ್ಪ ನಿಲ್ಲಿ. ಈಗ ನೀರು ಏರ್ತಾ ಉಂಟು. ಏರುವಾಗ ಕೊಟ್ಟರೆ ವಾಪಸು ದಡಕ್ಕೆ ತರ್ತದೆ. ಇಳಿಲಿಕ್ಕೆ ಸುರುವಾದ ಮೇಲೆ ಕೊಡಿ, ಒಳಗೆ ತಕ್ಕೊಂಡು ಹೋಗ್ತದೆ."

ಕಸದ ಗೆರೆಯ ಮೇಲೆ ಮೂವರೂ ಕುಳಿತು ಕಾದೆವು. ನೀರು ಬಂದು, ನಮ್ಮ ಕಾಲ ಬೆರಳು ಮುಟ್ಟಿ, ಇನ್ನು ಮುಂದೆ ಬರಲಾರದೆ ಅಲ್ಲೇ ಆಡುತ್ತಿತ್ತು. ಆಮೇಲೆ ಒಂದು ಗೇಣು ಹಿಂದೆ ಸರಿಯಿತು. ಮೇಲ್ವಿಚಾರಕ ನನ್ನತ್ತ ನೋಡಿ ತಲೆಯಾಡಿಸಿದ.

ಅವಳ ಕೈ ಹಿಡಿದು ಮೊಣಕಾಲುದ್ದ ನೀರಿಗೆ ಕರೆದುಕೊಂಡು ಹೋದೆ. ಅವಳು ಮಗನ ಹೆಸರು ಕರೆದು ಮೂರು ಹಿಡಿ ಕೊಟ್ಟಳು. ಸೆರಗಿನಿಂದ ನಾಲ್ಕು ಹರಳನ್ನೂ ಬಿಚ್ಚಿ ಬಿಟ್ಟಳು. ನೀರು ಒಂದು ಕ್ಷಣ ಕೆಂಪಾಗಿ, ಕಪ್ಪಾಗಿ, ಹಿಂದಕ್ಕೆ ಎಳೆದುಕೊಂಡು ಹೋಯಿತು. ಅವಳು ಅಳಲಿಲ್ಲ. ಟವೆಲನ್ನು ನನ್ನ ಮುಂದೆ ಹಿಡಿದಳು.

"ನೀನೂ ಕೊಡು. ಅಣ್ಣ ತಮ್ಮ ಇದ್ದಂಗ ಇದ್ರಿ."

ಮೂರು ಹಿಡಿ ಕೊಟ್ಟೆ. ನಮ್ಮಲ್ಲಿ ಪ್ರತಿ ಹಿಡಿಗೂ ಹೇಳುವ ಮಾತಿದೆ, ಮನಸ್ಸಿನಲ್ಲೇ ಹೇಳಿಕೊಂಡೆ. ಕೊನೆಯ ಹಿಡಿಯಲ್ಲಿ ಹೂವಿನ ದಾರ ಬಂತು, ಅದನ್ನೂ ಬಿಟ್ಟೆ.

ಹಿಂತಿರುಗುವ ದಾರಿಯಲ್ಲಿ ಅವಳು ಕಿಟಕಿಯ ಪಕ್ಕ ಮಡಿಲು ಖಾಲಿ ಇಟ್ಟುಕೊಂಡು ನಿದ್ದೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಹಳ್ಳಿ ಬಂತು. ಎಲ್ಲರ ಸಾಮಾನು ಇಳಿಸಿ ಕೊಟ್ಟೆ. ಅವಳು ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. "ಮಣ್ಣು ಕೊಟ್ಟಾಂವ ಹಂಗ ಹೋಗಬಾರ್ದು ತಮ್ಮಾ. ದೀಪ ನೋಡಿ ಹೋಗು."

ಬಸ್ಸು ನಿಲ್ಲಲು ಹೇಳಿ ಅವಳ ಹಿಂದೆ ಆ ಬೀದಿಗೆ ಇಳಿದೆ. ಅವಳು ಬೀಗ ತೆಗೆದು, ಕೈಕಾಲು ತೊಳೆದು, ಪಡಸಾಲೆಯ ಮೂಲೆಯಲ್ಲಿ ಒಂದು ಹಣತೆ ಹಚ್ಚಿಟ್ಟಳು. ಹಿರಿಯರನ್ನು ಕೇಳಲಿಲ್ಲ. ಹಣತೆಯ ಮೇಲಿನ ಗೋಡೆಯ ಗೂಟಕ್ಕೆ ಅವನ ಒಂದು ಅಂಗಿ ನೇತುಬಿದ್ದಿತ್ತು, ಎರಡು ವರ್ಷದಿಂದ ಇಸ್ತ್ರಿ ಮಾಡಿಟ್ಟ ಹಾಗೆಯೇ. ಅವಳು ಅದನ್ನು ತೆಗೆದು, ಮಡಚಿ, ಪೆಟ್ಟಿಗೆಯಲ್ಲಿ ಇಟ್ಟಳು. ಆಗ ಅತ್ತಳು. ನಾನು ಹೊಸ್ತಿಲ ಒಳಗೆ ನಿಂತು ದೀಪ ನೋಡಿದೆ.